ಮಹಡಿಯ ಮೇಲಿನವರು

ಬೆಂಗಳೂರಿನ ಬಡಾವಣೆಗಳಲ್ಲಿ ಮೂವತ್ತು ನಲವತ್ತರ ನಿವೇಶನವೊಂದನ್ನು ಹೇಗೋ ಸಂಪಾದಿಸಿ, ನಿವೃತ್ತಿಗೆ ತುಸು ಮುಂಚೆಯೋ ತುಸು ಅನಂತರವೋ ಅದರಲ್ಲಿ ಮನೆಯನ್ನೆಬ್ಬಿಸುವ ಗೃಹಸ್ಥನು, ತಾರಸಿಗೆ ಕಾಂಕ್ರೀಟು ಬೀಳುವ ದಿವಸವೇ ಮೂಲೆಯ ಕಂಬಗಳ ನೆತ್ತಿಯಿಂದ ಕಬ್ಬಿಣದ ಸರಳುಗಳನ್ನು ಆಕಾಶದ ಕಡೆಗೆ ಚಾಚಿ ಬಿಡಿಸಿರುತ್ತಾನೆ. ಅರಿಯದವರಿಗೆ ಅದು ಅಪೂರ್ಣವಾದ ಕಾಮಗಾರಿ. ಬಲ್ಲವರಿಗೆ ಅದು ಭವಿಷ್ಯತ್ತಿನ ಬಾಡಿಗೆ. ಪಿಂಚಣಿಯ ಜೊತೆಗೊಂದು ಉಪಪಿಂಚಣಿ, ಕೂತಲ್ಲಿಗೇ ಬರುವ ದ್ರವ್ಯ ಎಂಬ ಈ ಪರಮವಿಶ್ವಾಸದ ವಿಷಯವಾಗಿ, ಬಹುಕಾಲ ಬಾಡಿಗೆ ತೆತ್ತವನೂ ಆಮೇಲೆ ಅಷ್ಟೇ ಕಾಲ ಬಾಡಿಗೆ ಪಡೆದವನೂ ಆದ ನನಗೆ ನಾಲ್ಕು ಮಾತು ಹೇಳುವ ಅಧಿಕಾರ ಉಂಟೆಂದು ಭಾವಿಸಿದ್ದೇನೆ. ಹಣ ಕೂತಲ್ಲಿಗೆ ಬರುವುದು ನಿಜ. ಆದರೆ ಅದು ಒಂಟಿಯಾಗಿ ಬರುವುದಿಲ್ಲ, ಒಂದು ಸಂಸಾರವನ್ನು ಸಂಗಡ ಕರೆದುಕೊಂಡು ಬರುತ್ತದೆ. ಮನೆಯನ್ನು ಬಾಡಿಗೆಗೆ ಕೊಡುವವನು ತಾನು ಗೋಡೆಗಳಿಂದ ಆದಾಯ ಪಡೆಯುತ್ತಿದ್ದೇನೆಂದು ತಿಳಿದಿರುತ್ತಾನೆ. ವಾಸ್ತವವಾಗಿ ಅವನು ಮಾಡಿರುವುದು ಜಾತಕ ನೋಡದೆ ಬೆಳೆಸಿದ ಒಂದು ಬೀಗತನ.

ನನ್ನ ಸೋದರಳಿಯನೊಬ್ಬನಿದ್ದಾನೆ, ವಯಸ್ಸಿನಲ್ಲಿ ಚಿಕ್ಕವನು, ಸಂಬಳದಲ್ಲಿ ನನಗಿಂತ ಬಹಳ ಹಿರಿಯನು. ಊರ ಹೊರವಲಯದಲ್ಲಿ 80 ಲಕ್ಷದ ಫ್ಲ್ಯಾಟೊಂದನ್ನು, ಅದರಲ್ಲಿ 60 ಲಕ್ಷ ಸಾಲಮಾಡಿ ಕೊಂಡು, ಬಾಡಿಗೆಗೆ ಬಿಡುವ ಸಂಕಲ್ಪ ಅವನದು. "ಬಾಡಿಗೆಯೇ ಸಾಲ ತೀರಿಸಿಬಿಡುತ್ತೆ ಮಾವ, ನಾವು ಸುಮ್ಮನೆ ನೋಡ್ತಾ ಇದ್ದರಾಯಿತು" ಎಂದ. ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ನೂರಕ್ಕೆ ಎಂಟೂವರೆಯ ಬಡ್ಡಿಯಂತೆ ಇಪ್ಪತ್ತು ವರ್ಷದ ಅವಧಿಗೆ ಕಂತು ತಿಂಗಳಿಗೆ 52,000ದಷ್ಟಾಯಿತು. ಆ ಕಡೆ ಅಂಥ ಮನೆಗೆ ದೊರೆಯುತ್ತಿದ್ದ ಬಾಡಿಗೆ 20,000. ಎಂದರೆ, ಅಪರಿಚಿತನೊಬ್ಬನು ಆ ಮನೆಯಲ್ಲಿ ಸುಖವಾಗಿರಲೆಂದು ಅವನು ಸಲ್ಲಿಸುವುದು 20,000, ನನ್ನ ಅಳಿಯನು ಸಲ್ಲಿಸುವುದು 32,000. ವರ್ಷದ ಬಾಡಿಗೆ 2,40,000ವನ್ನು ಮನೆಯ ಬೆಲೆಯೊಡನೆ ತೂಗಿದರೆ ನೂರಕ್ಕೆ ಮೂರು ಬಿತ್ತು. ಯಾವ ನಲ್ಲಿಯನ್ನೂ ರಿಪೇರಿ ಮಾಡಿಸೆಂದು ಕೇಳದ ಬ್ಯಾಂಕಿನ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ. "ಬೆಲೆ ಏರುತ್ತಲ್ಲ ಮಾವ?" ಎಂದು ಅವನು ಕಡೆಯ ಅಸ್ತ್ರವನ್ನು ಪ್ರಯೋಗಿಸಿದ. ಏರಬಹುದು, ಏರಲೂ ಏರುತ್ತದೆ. ಆದರೆ ಏರಿದ ಬೆಲೆಯಲ್ಲಿ ಒಂದು ಚೂರನ್ನು ಮುರಿದು ಪ್ಲಂಬರನ ಕೂಲಿಗೆ ಕೊಡಲು ಬರುವುದಿಲ್ಲ. ಆದಕಾರಣ ಹೊಸಬರು ಮನೆ ಕೊಳ್ಳುವ ಮುನ್ನ, ವರ್ಷದ ಹನ್ನೆರಡು ತಿಂಗಳಲ್ಲಿ ಒಂದು ಖಾಲಿ ಬೀಳುವುದೆಂದೂ ಇನ್ನೊಂದರ ಬಾಡಿಗೆ ಸುಣ್ಣಬಣ್ಣಕ್ಕೂ ಮೋಟಾರಿಗೂ ಸಂದುಹೋಗುವುದೆಂದೂ ಎಣಿಸಿ, ಉಳಿದ ಹತ್ತರ ಮೇಲೆ ಮಾತ್ರ ಮನೋರಥವನ್ನು ಹೂಡತಕ್ಕದ್ದು.

ಖಾಲಿ ಬೀಳುವುದೆಂಬ ಈ ವ್ಯಾಧಿಯ ಸ್ವರೂಪವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. 20,000ಕ್ಕೆ ಒಪ್ಪಿದ ಸಭ್ಯನನ್ನು ಹಿಂದಕ್ಕೆ ಕಳುಹಿಸಿ, 22,000 ಕೊಡುವ ಪುಣ್ಯಾತ್ಮನಿಗಾಗಿ ಗೇಟಿಗೆ 'ಟು ಲೆಟ್' ಫಲಕ ನೇತುಹಾಕಿ ಎರಡು ತಿಂಗಳು ಕಾಯುವ ಮಾಲೀಕನು ತನ್ನನ್ನು ವ್ಯವಹಾರಕುಶಲನೆಂದೇ ತಿಳಿದಿರುತ್ತಾನೆ. ಕಳೆದ 40,000ವನ್ನು ಆ ಹೆಚ್ಚುವರಿ ಎರಡೆರಡು ಸಾವಿರದಿಂದ ತುಂಬಿಕೊಳ್ಳಲು ಇಪ್ಪತ್ತು ತಿಂಗಳು ಬೇಕು. ಕರಾರಿನ ಆಯುಸ್ಸೋ ಹನ್ನೊಂದೇ ತಿಂಗಳು. ಇದರ ಮೇಲೆ ಪಂಚಾಂಗದ ಬಾಧೆ ಬೇರೆ. ಆಷಾಢದಲ್ಲಿ ಹೊಸ ಮನೆಗೆ ಹೋಗಿ ಹಾಲುಕ್ಕಿಸುವವರು ನಮ್ಮಲ್ಲಿ ವಿರಳ. ಪಿತೃಪಕ್ಷದಲ್ಲಿ ಯಾರೂ ಮಿಸುಕುವುದಿಲ್ಲ. ಧನುರ್ಮಾಸದಲ್ಲಿ ಬೆಳಗಿನ ಪೊಂಗಲ್ ಉಂಟೇ ಹೊರತು ಗೃಹಪ್ರವೇಶವಿಲ್ಲ. ಜ್ಯೇಷ್ಠಮಾಸದ ಕಡೆಯ ವಾರದಲ್ಲಿ ವಿನಯದಿಂದ ಬೀಗದ ಕೈಯನ್ನೊಪ್ಪಿಸುವ ಬಾಡಿಗೆದಾರನಷ್ಟು ನಿಷ್ಕರುಣಿ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಮಕ್ಕಳೊಂದಿಗರು ಪರೀಕ್ಷೆ ಮುಗಿದ ಬೇಸಗೆಯ ರಜದಲ್ಲಿ ಮನೆ ಬದಲಿಸುತ್ತಾರಾಗಿ, ಕರಾರಿನ ಮುಕ್ತಾಯ ಏಪ್ರಿಲ್ ಮೇ ತಿಂಗಳಲ್ಲಿ ಬೀಳುವ ಹಾಗೆ ಮೊದಲ ದಿವಸವೇ ಯೋಜಿಸುವುದು ವಿವೇಕ. ಆಷಾಢದ ಅಂಜಿಕೆಯಿಲ್ಲದ ಒಂಟಿ ತರುಣರನ್ನು "ಬ್ಯಾಚಲರ್‌ಗೆ ಕೊಡುವುದಿಲ್ಲ" ಎಂದು ಗೇಟಿನಿಂದಲೇ ಅಟ್ಟುವ ಮಾಲೀಕರು, ತಾವೂ ಒಂದು ಕಾಲದಲ್ಲಿ ಅದೇ ಆಶ್ರಮದಲ್ಲಿದ್ದುದನ್ನು ಮರೆತಿರುತ್ತಾರೆ.

ಹನ್ನೊಂದು ತಿಂಗಳೇ ಏಕೆಂದು ಅನೇಕರು ಕೇಳುತ್ತಾರೆ. ಪಂಚಾಂಗಕರ್ತರಿಗೆ ಕ್ಷಯಮಾಸವೆಂಬುದು ಎಷ್ಟೋ ವರ್ಷಕ್ಕೊಮ್ಮೆ ಒದಗುವ ಪ್ರಮಾದ. ಕರಾರುಪತ್ರ ಬರೆಯುವವರಿಗೆ ಅದು ಪ್ರತಿವರ್ಷವೂ ತಪ್ಪದು. 1908ರ ನೋಂದಣಿ ಕಾಯಿದೆಯ ಮೇರೆಗೆ ಒಂದು ವರ್ಷವನ್ನು ಮೀರಿದ ಗೇಣಿಪತ್ರ ಕಡ್ಡಾಯವಾಗಿ ನೋಂದಣಿಯಾಗತಕ್ಕದ್ದರಿಂದ, ಆ ಶ್ರಮಕ್ಕೂ ಶುಲ್ಕಕ್ಕೂ ಅಂಜಿದ ಜನ ವರ್ಷದ ಬಾಲವನ್ನೇ ಕತ್ತರಿಸಿಬಿಟ್ಟರು. ನಮ್ಮ ಹಿರಿಯರ ಅಂಜಿಕೆ ಇನ್ನೂ ದೊಡ್ಡದು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ ಮನೆ ಖಾಲಿಯಾದರೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಾಗಿತ್ತು. ಒಳಹೊಕ್ಕವನನ್ನು ಹೊರಡಿಸಲು ನ್ಯಾಯಾಲಯದ ಮೆಟ್ಟಿಲನ್ನು ತಂದೆ ಹತ್ತಿದರೆ ಮಗ ಇಳಿಯಬೇಕಾಗಿತ್ತು. ಅದರ ಸ್ಥಾನದಲ್ಲಿ ಬಂದ 1999ರ ಕಾಯಿದೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ತಂಟೆಗೆ ಹೋಗದೆ ಇರುವುದರಿಂದ, ಇಂದಿನ ಮನೆಗಳಿಗೆಲ್ಲ ಹೆಚ್ಚುಕಡಮೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ನಾವು ಬರೆದುಕೊಂಡ ಕರಾರೂ ಇವೆರಡೇ ಗತಿ. ಕರಾರಿನಲ್ಲಿ ಏನನ್ನೂ ಹೇಳದೆ ಬಿಟ್ಟರೆ ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನದ ನೋಟೀಸು ಸಾಕೆಂದು ಆ ಹಳೆಯ ಕಾಯಿದೆ ಹೇಳುತ್ತದೆ. ಹದಿನೈದು ದಿನದಲ್ಲಿ ಹೊಸ ಬಾಡಿಗೆದಾರನನ್ನು ಹುಡುಕಬಲ್ಲವನು ಕನ್ಯಾನ್ವೇಷಣೆಯನ್ನು ವೃತ್ತಿಯಾಗಿ ಕೈಗೊಳ್ಳಬಹುದು. ಆದ್ದರಿಂದ ಎರಡು ತಿಂಗಳೆಂದು ಬರೆಸಿರಿ.

ಅಡ್ವಾನ್ಸ್ ಎಂಬ ಹತ್ತು ತಿಂಗಳ ಬಾಡಿಗೆಯ ಇಡಿಗಂಟು ನಮ್ಮೂರಿನ ವೈಶಿಷ್ಟ್ಯ; ಈಚೆಗೆ ಅದು ಐದಾರಕ್ಕೆ ಇಳಿಯುತ್ತಿದೆ, ಕೇಂದ್ರ ಸರಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಕಾಯಿದೆಯೋ ವಾಸದ ಮನೆಗೆ ಎರಡೇ ತಿಂಗಳು ಎಂದಿತು. ಎಷ್ಟಾದರೂ ಇರಲಿ, ಅದು ಆದಾಯವಲ್ಲ, ಸಾಲ. ಆ ಹಣದಿಂದ ಮಗಳ ಮದುವೆ ಮಾಡಿದವರನ್ನೂ ಎರಡನೆಯ ಮಹಡಿಗೆ ಮೆಟ್ಟಿಲು ಕಟ್ಟಿಸಿದವರನ್ನೂ ನಾನು ಬಲ್ಲೆ. ಅಂಥವರು, ಹೊಸಬರು ಅಡ್ವಾನ್ಸ್ ತಂದಲ್ಲದೆ ಹಳಬರು ಹೊರಡುವಂತಿಲ್ಲ, ಹಳಬರು ಹೊರಟಲ್ಲದೆ ಹೊಸಬರು ತರುವಂತಿಲ್ಲ ಎಂಬ ಸಂದಿಗ್ಧದಲ್ಲಿ ಸಿಕ್ಕಿ, ಬೀಗದ ಕೈ ಹಿಡಿದು ನಿಂತವನ ಎದುರಿಗೆ "ಮುಂದಿನ ವಾರ ಬನ್ನಿ ಸಾರ್" ಎನ್ನುತ್ತಿರುತ್ತಾರೆ. ಬ್ಯಾಂಕಿನಲ್ಲಿ ಬೇರೆಯ ಖಾತೆಯಲ್ಲಿಟ್ಟು ಮರೆತುಬಿಡುವುದೇ ಕ್ಷೇಮ.

ಬಾಡಿಗೆದಾರನನ್ನು ಪರೀಕ್ಷಿಸುವ ವಿಧಾನ ಮನೆಮನೆಗೂ ಬೇರೆ. "ತಮ್ಮದು ಯಾವ ಕಡೆ ಆಯಿತು?" ಎಂದು ಭೂಗೋಳದಿಂದ ಆರಂಭಿಸಿ ಮೂರನೆಯ ಪ್ರಶ್ನೆಗೆ ಬಂದವನ ಅಡಿಗೆಮನೆಯ ಒಳಹೊಕ್ಕು ಬೆಳ್ಳುಳ್ಳಿಯ ವಿಚಾರಣೆ ನಡೆಸುವ ಸಂಪ್ರದಾಯ ಒಂದುಂಟು, ಬಾಡಿಗೆ ತಡವಾಗುವುದಕ್ಕೂ ಬೆಳ್ಳುಳ್ಳಿಗೂ ಯಾವ ಸಂಬಂಧವನ್ನೂ ನಾನು ಕಂಡಿಲ್ಲವಾಗಿ, ಅದನ್ನು ಅನಾಗರಿಕವೆಂದೇ ಎಣಿಸುತ್ತೇನೆ. ಕೇಳಬೇಕಾದ ಪ್ರಶ್ನೆಗಳು, ಕೆಲಸವೆಲ್ಲಿ, ಈಗಿರುವ ಮನೆಯನ್ನು ಬಿಡುವುದೇಕೆ, ಎಂಬಿವೆರಡೇ. ಎರಡನೆಯದಕ್ಕೆ ಉತ್ತರವನ್ನು ಹಳೆಯ ಮಾಲೀಕನಿಂದಲೂ ಕೇಳಿ ತಿಳಿದರೆ ಒಳ್ಳೆಯದು. ನನ್ನ ಶ್ರೀಮತಿಯ ಪರೀಕ್ಷೆಯೇ ಬೇರೆ. ಆಕೆ ಬಂದವರಿಗೆ ಕಾಫಿ ಕೊಟ್ಟು, ಕುಡಿದ ಲೋಟವನ್ನು ಎಲ್ಲಿಡುತ್ತಾರೆಂದು ನೋಡುತ್ತಾಳೆ. ಈ ಶಾಸ್ತ್ರ ಇದುವರೆಗೆ ಸುಳ್ಳಾಗಿಲ್ಲವೆಂಬುದನ್ನು ವಿಷಾದದಿಂದ ಒಪ್ಪಿಕೊಳ್ಳಬೇಕಾಗಿದೆ.

ಅವರು ಬಂದು ಹಾಲುಕ್ಕಿಸಿದ ಮಾರನೆಯ ಬೆಳಗ್ಗೆ ಕೇಳಿಸುವ ನಾದವೊಂದುಂಟು: ಗೋಡೆಗೆ ಮೊಳೆ ಹೊಡೆಯುವ ಸದ್ದು. ಕೆಳಗೆ ಪತ್ರಿಕೆ ಓದುತ್ತಿರುವ ಮಾಲೀಕನಿಗೆ ಪ್ರತಿಯೊಂದು ಪೆಟ್ಟೂ ತನ್ನ ಎದೆಗೇ ಬಿದ್ದಂತಾಗುತ್ತದೆ. ಮೊದಲನೆಯದು ದೇವರ ಪಟಕ್ಕಿರಬೇಕೆಂದು ಸಮಾಧಾನಪಡುತ್ತಾನೆ. ಎರಡನೆಯದು ಗಡಿಯಾರಕ್ಕೆ, ಮೂರನೆಯದು ಕ್ಯಾಲೆಂಡರಿಗೆ ಎಂದು ಪರಿಗಣಿಸುತ್ತಾನೆ. ಏಳನೆಯದಕ್ಕೆ ಎದ್ದು ನಿಂತು, ಹತ್ತನೆಯದಕ್ಕೆ ಚಪ್ಪಲಿ ಮೆಟ್ಟುತ್ತಾನೆ. ಕರಾರಿನಲ್ಲಿ ಮೊಳೆ ಹೊಡೆಯಕೂಡದೆಂದು ಬರೆಸುವುದು ಮನುಷ್ಯಸ್ವಭಾವಕ್ಕೆ ವಿರುದ್ಧ. ಬೇಕಾದೆಡೆಯಲ್ಲೆಲ್ಲ ಮೊದಲೇ ಕೊಕ್ಕೆಗಳನ್ನು ಹಾಕಿಸಿಟ್ಟರೆ ಗೋಡೆಯೂ ಉಳಿಯುತ್ತದೆ, ರಕ್ತದ ಒತ್ತಡವೂ ಉಳಿಯುತ್ತದೆ. ಮಹಡಿಗೆ ಪ್ರತ್ಯೇಕವಾದ ವಿದ್ಯುತ್ ಮೀಟರೂ ಆರ್‌ಆರ್ ನಂಬರೂ ಅತ್ಯಾವಶ್ಯಕ. ತಿಂಗಳಿಗೆ 200 ಯೂನಿಟ್ಟಿನೊಳಗಿನ ಮನೆಬಳಕೆಗೆ ಸರಕಾರವೇ ಹಣ ತೆರುವ ಗೃಹಜ್ಯೋತಿ 2023ರಲ್ಲಿ ಬಂದ ಮೇಲೆ, ಒಂದೇ ಮೀಟರಿನಲ್ಲಿ ಎರಡು ಸಂಸಾರ ನಡೆಸುವವರು ಇಬ್ಬರೂ ಮಿತಿ ಮೀರಿ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ. ನೀರಿನ ಮಾತು ಬೇರೆ. ಕಾವೇರಿ ನೀರು ಸಂಪಿಗೆ ಬಂದು ಬೀಳುವುದು ಒಂದೇ ಕೊಳವೆಯಲ್ಲಾದುದರಿಂದ, ಮೋಟಾರಿನ ಸ್ವಿಚ್ಚು ಯಾರ ಕೈಯಲ್ಲಿರುತ್ತದೆಯೋ ಸಾರ್ವಭೌಮತ್ವ ಅವರದು. ಅದನ್ನು ಸ್ವಯಂಚಾಲಿತ ಯಂತ್ರಕ್ಕೊಪ್ಪಿಸಿ ಉಭಯಪಕ್ಷದವರೂ ಪ್ರಜೆಗಳಾಗಿಬಿಡುವುದು ಉತ್ತಮ.

ಮನೆ ಬಿಡುವಾಗ ಪೇಂಟಿಂಗಿಗೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವ ವಾಡಿಕೆ ನಮ್ಮಲ್ಲುಂಟು. ಮೂರು ವರ್ಷ ಇದ್ದವನಿಂದ ಹಿಡಿದರೆ ನ್ಯಾಯ. ಆರು ತಿಂಗಳಿದ್ದು ಗೋಡೆಯನ್ನು ಕನ್ನಡಿಯಂತಿಟ್ಟವನಿಂದಲೂ ಹಿಡಿದು, ಅದೇ ಗೋಡೆಯನ್ನು ಹೊಸಬರಿಗೆ ಹಾಗೆಯೇ ತೋರಿಸುವವರಿಗೆ ನಾನು ಬೇರೆ ಹೆಸರಿಡುತ್ತೇನೆ.

ಇನ್ನುಳಿದುದು ತೆರಿಗೆ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ, ಬಾಡಿಗೆ ಭತ್ಯದ ವಿನಾಯಿತಿಗಾಗಿ ಬಾಡಿಗೆದಾರನು ಮಾಲೀಕನ ಪ್ಯಾನ್ ಸಂಖ್ಯೆಯನ್ನು ತನ್ನ ಕಚೇರಿಗೆ ಒಪ್ಪಿಸಬೇಕಾಗಿರುವುದರಿಂದ, ಆದಾಯವನ್ನು ಮುಚ್ಚಿಡುವೆನೆಂಬ ಆಸೆಯನ್ನು ಹೊಸಬರು ಆರಂಭದಲ್ಲಿಯೇ ತ್ಯಜಿಸಬೇಕು. ಆದರೆ ಕಾನೂನು ಅಷ್ಟೇನೂ ನಿರ್ದಯವಲ್ಲ. ಬಂದ ಬಾಡಿಗೆಯಲ್ಲಿ ನಗರಪಾಲಿಕೆಗೆ ಕಟ್ಟಿದ ಕಂದಾಯವನ್ನು ಕಳೆದು, ಉಳಿದುದರಲ್ಲಿ ನೂರಕ್ಕೆ ಮೂವತ್ತರಷ್ಟನ್ನು, ಮಾಲೀಕನು ರಿಪೇರಿ ಮಾಡಿಸಿದನೋ ಬಿಟ್ಟನೋ ಒಂದು ರಸೀತಿಯನ್ನೂ ಕೇಳದೆ ಅದು ಬಿಟ್ಟುಕೊಡುತ್ತದೆ. ಈ ಔದಾರ್ಯದ ಸುದ್ದಿಯನ್ನು ನಮ್ಮ ಮಹಡಿಯ ಮೇಲಿನವರ ಕಿವಿಗೆ ಬೀಳದಂತೆ ಕಾಪಾಡಿಕೊಂಡು ಬಂದಿದ್ದೆ, ಏಕೆಂದರೆ ಅವರ ಸ್ನಾನದ ಮನೆಯ ನಲ್ಲಿ ಯುಗಾದಿಯಿಂದ ತೊಟ್ಟಿಕ್ಕುತ್ತಿದೆ. ಅವರು ಕೆಲಸಕ್ಕಿರುವುದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಎಂಬುದನ್ನು ಶ್ರೀಮತಿ ನಿನ್ನೆ ರಾತ್ರಿ ಊಟದ ಹೊತ್ತಿಗೆ ಹೇಳಿದಳು. ಪ್ಲಂಬರನಿಗೆ ಬೆಳಗ್ಗೆಯೇ ಫೋನು ಮಾಡಿದ್ದೇನೆ.