ಡಬ್ಬದ ಮೇಲಿನ 32

ನಮ್ಮ ವಿಜಯನಗರದ ಕಾಂಪೌಂಡು ಎದೆಮಟ್ಟ. ಆಚೆ ಕಡೆ ಫ್ರಿಜ್ಜು ರಿಪೇರಿಯಲ್ಲೇ ತಲೆ ನರೆತ ರಾಯರು, ಈಚೆ ಕಡೆ ನಾನು.

"ರಾಯರೇ, ಮೆಕ್ಯಾನಿಕ್ಕು ಕಂಪ್ರೆಸರಿಗೆ ಒಂಚೂರು ಎಣ್ಣೆ ಹಾಕ್ತೀನಿ ಅಂದಿದಾನೆ."

"ಯಾವ ಎಣ್ಣೆ?"

"ಎಣ್ಣೆ ಅಂದ್ರೆ ಎಣ್ಣೆ."

ರಾಯರು ಹೂವು ಕೀಳೋದು ನಿಲ್ಲಿಸಿದರು. ಇನ್ನು ಅರ್ಧ ಗಂಟೆ ನಾನು ಒಳಗೆ ಹೋಗೋ ಹಾಗಿಲ್ಲ.

"ಡಬ್ಬದ ಮೇಲೆ 32 ಅಂತ ಇರುತ್ತಲ್ಲ, 40 ಡಿಗ್ರೀಲಿ ಅದರ ಸ್ನಿಗ್ಧತೆ ಅಷ್ಟು ಸೆಂಟಿಸ್ಟೋಕ್ಸು. ನೀರು ಒಂದಕ್ಕೂ ಕಮ್ಮಿ. ಆದ್ರೆ ಆ 32 ಡಬ್ಬದಲ್ಲಿರೋ ತನಕ ಮಾತ್ರ. ಕಂಪ್ರೆಸರ್ ಒಳಗೆ ಗ್ಯಾಸು ಎಣ್ಣೇಲಿ ಕರಗುತ್ತೆ, ಎಣ್ಣೆ ತೆಳ್ಳಗಾಗುತ್ತೆ. ಬೇರಿಂಗನ್ನ ಕಾಯಬೇಕಾದ್ದು ಆ ತೆಳ್ಳಗಾದ್ದೇ."

"ಐದರಲ್ಲೊಂದು ಪಾಲು ಗ್ಯಾಸಾದ್ರೆ ಐದರಲ್ಲೊಂದು ಪಾಲು ತೆಳುವಾಗುತ್ತೆ, ಅಷ್ಟೇ ತಾನೆ?"

"ಅಲ್ಲೇ ಎಡವೋದು! ದ್ರವವಾದ ಗ್ಯಾಸಿಗೆ 0.2 ಅಂತಿಟ್ಕೊಳ್ಳಿ. ನಿಮ್ಮ ಲೆಕ್ಕದಲ್ಲಿ 25 ದಾಟುತ್ತೆ. ಅರೇನಿಯಸ್ 1887ರಲ್ಲೇ ಹೇಳಿದ ಹಾಗೆ ಲಾಗ್ ತಗೊಂಡು ಕೂಡಿಸಿದ್ರೆ 12ರ ಆಸುಪಾಸು. ಅದೂ ಪೂರಾ ಸರಿಬರಲ್ಲ. ಎರಡು ದ್ರವ ಒಂದನ್ನೊಂದು ಹೇಗೆ ಎಳೆದಾಡ್ತವೆ ಅನ್ನೋದಕ್ಕೆ 1949ರಲ್ಲಿ ಗ್ರುನ್‌ಬರ್ಗ್, ನಿಸ್ಸಾನ್ ಇನ್ನೊಂದು ಪದ ಸೇರಿಸಿದ್ರು. ಆ ಪದದ ಬೆಲೆ ಗೊತ್ತಾಗೋಕೆ ಮತ್ತೆ ಅಳತೇನೇ ಮಾಡ್ಬೇಕು."

"ಸರಿ, ಒಂದು ಲೋಟ ತೆಗೆದು ಅಳೀಲಿ."

"ಗೋಲಿ ಸೋಡಾ ಒಡೆದು ಲೋಟಕ್ಕೆ ಸುರಿದು, ಗ್ಯಾಸೆಲ್ಲಿ ಅಂತ ಕೇಳಿದ ಹಾಗಾಯ್ತು! ಲೋಟಕ್ಕೆ ಬಿದ್ದ ತಕ್ಷಣ ಗ್ಯಾಸು ಹಾರಿಹೋಗುತ್ತೆ. ಅದಕ್ಕೇ ಮುಚ್ಚಿದ ಉಕ್ಕಿನ ಪಾತ್ರೇಲಿ, ಒತ್ತಡದಲ್ಲೇ ಅಳೀತಾರೆ. ಒಳಗೊಂದು ಪುಟ್ಟ ಪಿಸ್ಟನ್ನು. ಹೊರಗಿನ ಸುರುಳಿಗಳು ಅಯಸ್ಕಾಂತದ ಬಲದಿಂದ ಅದನ್ನ ಆಚೀಚೆ ಓಡಿಸ್ತವೆ. ಓಡೋಕೆ ಎಷ್ಟು ಹೊತ್ತು ಹಿಡೀತು ಅನ್ನೋದರ ಮೇಲೆ ಸ್ನಿಗ್ಧತೆ. ಶಾಖ ಬದಲಾಯಿಸು, ಒತ್ತಡ ಬದಲಾಯಿಸು, ಮತ್ತೆ ಓಡಿಸು. ಬೇಜಾರಿನ ಕೆಲಸ. ಶಾಖ ಏರಿದ್ರೆ ದ್ರವ ಯಾಕೆ ತೆಳುವಾಗುತ್ತೆ ಅಂತ ನಮ್ಮ ಸಿ.ವಿ. ರಾಮನ್ನರೂ 1923ರಲ್ಲಿ 'ನೇಚರ್'ನಲ್ಲಿ ಬರೆದಿದ್ರು. ಆಗಿನ್ನೂ ಕಲ್ಕತ್ತಾದಲ್ಲಿದ್ರು. ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದಿದ್ದು ಹತ್ತು ವರ್ಷದ ಮೇಲೆ."

"ರಾಯರೇ, ನನ್ನ ಫ್ರಿಜ್ಜು..."

"ಅದಕ್ಕೇ ಬಂದೆ. ಹಿಂದಿನ ಸ್ಟಿಕರಲ್ಲಿ ಗ್ಯಾಸಿನ ಹೆಸರೇನಿದೆ?"

"134ಎ."

"ಹಳೇ ಆರ್-12 ಕಾಲದ ಮಿನರಲ್ ಆಯಿಲ್ಲು ಇದರ ಜೊತೆ ಬೆರೆಯಲ್ಲ. ಗ್ಯಾಸಿನ ಜೊತೆ ಹೋದ ಎಣ್ಣೆ ತಣ್ಣನೆ ಪೈಪಲ್ಲೇ ಕೂತುಬಿಡುತ್ತೆ, ವಾಪಸ್ ಬರಲ್ಲ. ಇದಕ್ಕೆ ಪಾಲಿಯೋಲೆಸ್ಟರೇ ಬೇಕು. ಅದೋ, ಗಾಳೀಲಿರೋ ತೇವ ಹೀರೋ ಜಾತಿ, ಡಬ್ಬ ತೆರೆದಿಡೋ ಹಾಗಿಲ್ಲ. ಈಗಿನ ಎಷ್ಟೋ ಫ್ರಿಜ್ಜಲ್ಲಿ 600ಎ, ಅಂದ್ರೆ ಐಸೋಬ್ಯೂಟೇನು. ಅದಕ್ಕೆ ಮತ್ತೆ ಮಿನರಲ್ಲೇ ನಡೆಯುತ್ತೆ. ಬೆಂಕಿ ಹತ್ತೋ ಗ್ಯಾಸು, ಅದು ಬೇರೆ ಕಥೆ."

"ಹಾಗಾದ್ರೆ ಪಾಲಿಯೋಲೆಸ್ಟರೇ ತರೋಕೆ ಹೇಳ್ಲಾ?"

"ಮೊದ್ಲು ಇನ್ನೊಂದು ಕೇಳಿ. ಸೀಲಾಗಿರೋ ಕಂಪ್ರೆಸರು. ಇದ್ದ ಎಣ್ಣೆ ಎಲ್ಲಿ ಹೋಯ್ತಂತೆ?"