ಮೂಲದಲ್ಲಿ ಹೀಗಿಲ್ಲ

ಅವರದು ಮೂಲಾ ನಕ್ಷತ್ರವಲ್ಲ, ಮೂಲವ್ಯಾಧಿಯೂ ಅವರಿಗಿಲ್ಲ. ಆದರೂ ಬಂಗಾರಪೇಟೆಯ ನಮ್ಮ ಬೀದಿಯವರೆಲ್ಲ ಅವರನ್ನು ಬೆನ್ನ ಹಿಂದೆ ಮೂಲಪ್ಪ ಎಂದೇ ಕರೆಯುವುದು. ಯಾವ ಸಿನಿಮಾ ಹಾಕಿದರೂ ಹೆಸರುಗಳು ಬಂದು ಹೋಗುವುದರೊಳಗೆ ಅವರ ಬಾಯಿಂದ ಒಂದೇ ಮಾತು: "ಮೂಲದಲ್ಲಿ ಹೀಗಿಲ್ಲ."

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಾವೆಲ್ಲ ತೆರೆಯ ಮೇಲೆ ಬಂದದ್ದನ್ನು ನೋಡಿದರೆ ಅವರು ಬಾರದೆ ಹೋದದ್ದನ್ನು ನೋಡುತ್ತಾರೆ. ಮೂಲಪ್ಪನವರಿಗೆ ಈ ಗೀಳು ಹತ್ತಿದ್ದು ರೈಲಿನಲ್ಲಿ. ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಗಣಿಗೆ ಇಳಿಯುತ್ತಿದ್ದರು. ಮಗ ಬೆಂಗಳೂರಿನ ನೌಕರಿಗೆ ಮೂವತ್ತು ವರ್ಷ ದಿನಾ ರೈಲು ಹತ್ತಿದರು. ಮಿಕ್ಕವರು ಮಂಡಿಯ ಮೇಲೆ ಟವೆಲ್ ಹಾಸಿ ಇಸ್ಪೀಟು ಕಲೆಸುತ್ತಿದ್ದರೆ ಇವರ ಕೈಯಲ್ಲಿ ಕಾದಂಬರಿ. ಮಾಲೂರಿಗೆ ಒಂದು ಅಧ್ಯಾಯ, ವೈಟ್‌ಫೀಲ್ಡಿಗೆ ಇನ್ನೊಂದು.

ಈಗ ಕಂಡದ್ದಕ್ಕೆಲ್ಲ ಅದೇ ಅಳತೆಗೋಲು. ಊರಿನ ಹೆಸರೆತ್ತಿದರೆ, "ಮೂಲದಲ್ಲಿ ಇದು ಬೌರಿಂಗ್‌ಪೇಟೆ." ಬೆಂಗಳೂರಿನಲ್ಲಿ 'ಬಂಗಾರಪೇಟೆ ಪಾನಿಪುರಿ' ಬೋರ್ಡು ಕಂಡರೆ, "ಅದು ರೂಪಾಂತರ. ತಿಳಿನೀರಿನ ಮೂಲಪ್ರತಿ ನಮ್ಮೂರಲ್ಲೇ ಇದೆ." 2018ರಲ್ಲಿ 'ಕೆ.ಜಿ.ಎಫ್' ಬಂದಾಗ, ಸೈನೈಡ್ ಗುಡ್ಡ ಪರದೆ ಮೇಲೆ ಕಂಡಿತೆಂದು ಎಲ್ಲರೂ ಶಿಳ್ಳೆ ಹೊಡೆದರೆ ಇವರು ಮಾತ್ರ ಕೈಕಟ್ಟಿ ಕೂತಿದ್ದರು. "ಮೂರು ಕಿಲೋಮೀಟರಿಗಿಂತ ಆಳದ ಗಣಿ ಅದು. ನಮ್ಮಪ್ಪ ಒಂದು ದಿನಾನೂ ಸ್ಲೋ ಮೋಷನ್ನಲ್ಲಿ ನಡೆದೋರಲ್ಲ. ಕೆಮ್ಕೊಂಡು ಮನೆಗೆ ಬರ್ತಿದ್ರು." ಆ ಒಂದು ಸಲ ಯಾರೂ ನಗಲಿಲ್ಲ.

ಮೊನ್ನೆ ಮಾರ್ಚ್ 17, ಪುನೀತ್ ಹುಟ್ಟಿದ ದಿನ. ಟಿ.ವಿ.ಯಲ್ಲಿ 'ಬೆಟ್ಟದ ಹೂವು'. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ, 1985ರ ಚಿತ್ರ. ಹತ್ತು ವರ್ಷದ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು. ಅದಕ್ಕೆ ಆಧಾರ ಅಮೆರಿಕದ ಲೇಖಕಿ ಶರ್ಲಿ ಅರೋರಾ ಬರೆದ 'ವಾಟ್ ದೆನ್, ರಾಮನ್?' ಎಂಬ ಕಾದಂಬರಿ. ಬಂಗಾರಪೇಟೆಯಲ್ಲಿ ಅದನ್ನು ಓದಿದವರು ಇವರೊಬ್ಬರೇ ಇರಬೇಕು. ಹಾಗಾಗಿ ಇವರು ಏನು ಹೇಳಿದರೂ ಇಲ್ಲ ಎನ್ನುವವರಿಲ್ಲ. ನನ್ನನ್ನು ಕರೆದು ಕೂರಿಸಿ, ರಾಬರ್ಟ್‌ಸನ್‌ಪೇಟೆಯ ಗುಜರಿಯಲ್ಲಿ ಸಿಕ್ಕ ಆ ಪುಸ್ತಕವನ್ನು ತೊಡೆಯ ಮೇಲಿಟ್ಟರು. "ತಿರುವ್ತಾ ಇರಿ. ನಾನು ಹೇಳಿದ್ದು ತಪ್ಪಿದ್ರೆ ಹಿಡೀರಿ."

ಶುರುವಾಯಿತು. "ಮೂಲದಲ್ಲಿ ಹುಡುಗನ ಹೆಸರು ರಾಮನ್. ಇಲ್ಲಿ ರಾಮು. 'ನ್' ಎಲ್ಲಿ ಹೋಯ್ತು?"

ಅಡುಗೆಮನೆಯಿಂದ ಅವರ ಹೆಂಡತಿ, ನಮ್ಮೆಲ್ಲರ ಅಕ್ಕ, ಅಂದರು: "ಮಾರಿಕುಪ್ಪಂನಲ್ಲಿ ರೈಲು ಹತ್ತೋ ಮುರುಗನ್ನು ಬಂಗಾರಪೇಟೇಲಿ ಇಳಿಯೋ ಹೊತ್ಗೆ ಮುರುಗ ಆಗಲ್ವೇನ್ರೀ? ಹಂಗೇ."

ಬೆಟ್ಟದ ಹುಡುಗ ಹೂವು ಹುಡುಕಿ ತಂದುಕೊಟ್ಟು ಕಾಸಿಗೆ ಕಾಸು ಕೂಡಿಸುತ್ತಿದ್ದ. ಅವನ ಕಣ್ಣು ಅಂಗಡಿಯಲ್ಲಿದ್ದ 'ಶ್ರೀ ರಾಮಾಯಣ ದರ್ಶನಂ' ಮೇಲೆ. ಮೂಲಪ್ಪ ಕುರ್ಚಿಯ ಅಂಚಿಗೆ ಬಂದರು. "ನೋಡಿದ್ರಾ? ಅಮೆರಿಕದವಳಿಗೆ ಕುವೆಂಪು ಎಲ್ಲಿಂದ ಗೊತ್ತು? ಮೂಲದಲ್ಲಿ ಇದು..."

ಅಕ್ಕ ಸೌಟು ಹಿಡಿದೇ ಬಾಗಿಲಿಗೆ ಬಂದರು. "ಅಲ್ರೀ, ಕುವೆಂಪು ಬರೆದಿದ್ದೂ ಮೂಲ ಅಲ್ವಲ್ಲ, ಮೂಲ ವಾಲ್ಮೀಕೀದು. ಅದಕ್ಕೇ ಅಲ್ವಾ ಕನ್ನಡಕ್ಕೆ ಮೊದಲ್ನೇ ಜ್ಞಾನಪೀಠ ಬಂದಿದ್ದು? ಹೋಗಿ ವಾಪಸ್ ತಗೊಳ್ಳಿ."

ಮೂಲಪ್ಪ ಕನ್ನಡಕ ಒರೆಸಿಕೊಂಡರು. ಮೂವತ್ತು ವರ್ಷದ ರೈಲು ಓದಿಗೆ ಇಂಥ ಕೆಂಪು ಸಿಗ್ನಲ್ ಬಿದ್ದದ್ದು ಅದೇ ಮೊದಲಿರಬೇಕು.

ಕೊನೆಗೆ ಆ ದೃಶ್ಯ ಬಂತು. ಹುಡುಗನ ಮುಷ್ಟಿಯಲ್ಲಿ ಪುಸ್ತಕದ ಕಾಸು; ಮನೆಯಲ್ಲಿ ಚಳಿ. ಅವನು ಪುಸ್ತಕ ಬಿಟ್ಟು ಕಂಬಳಿ ತಂದ. ಆಕ್ಷೇಪಣೆಗಾಗಿ ಕಾದೆ. ಬರಲಿಲ್ಲ. ಓರೆಗಣ್ಣಲ್ಲಿ ನೋಡಿದರೆ ಮೂಲಪ್ಪನವರ ಗದ್ದ ಅದುರುತ್ತಿತ್ತು. ಕೈ ಪಂಚೆಯ ಅಂಚನ್ನು ಹಿಂಡುತ್ತಿತ್ತು.

ಕಂಬಳಿಯ ಪುಟ ಹುಡುಕೋಣವೆಂದು ನಾನು ಕಾದಂಬರಿಯ ಕೊನೆಗೆ ಬಂದೆ. ಅಲ್ಲಿ ಪುಟವೇ ಇರಲಿಲ್ಲ. ಗೆದ್ದಲು ತಿಂದು ಬಿಟ್ಟ ಅಂಚು, ಜೋತುಬಿದ್ದ ಹೊಲಿಗೆಯ ನೂಲು, ಆಮೇಲೆ ರಟ್ಟು.

ಅಷ್ಟರಲ್ಲಿ ಮೊಮ್ಮಗ ಕೇಳಿದ: "ತಾತ, ಪುಸ್ತಕದಲ್ಲೂ ಕಂಬಳೀನೇ ತರ್ತಾನಾ?"

ಮೂಲಪ್ಪ ನನ್ನ ತೊಡೆಯ ಕಡೆ ನೋಡಿದರು. ನಾನು ಪುಸ್ತಕ ಮುಚ್ಚಿದೆ.

"ಹ್ಞೂಂ ಕಣೋ," ಎಂದರು, ಮೂಗೇರಿಸುತ್ತಾ. "ಮೂಲದಲ್ಲೂ ಹೀಗೇ."