ಕ್ಯಾರಿಯರ್ ಇಲ್ಲದ ಸೈಕಲ್ಲು

ನನ್ನ ಭಾವಮೈದುನನಿಗೆ ನಲವತ್ತೆರಡನೇ ವಯಸ್ಸಿಗೆ ನಿಸರ್ಗ ಹಿಡಿಯಿತು. ಆ ವಯಸ್ಸಿಗೆ ಕೆಲವರಿಗೆ ಸಕ್ಕರೆ ಕಾಯಿಲೆ ಹಿಡಿಯುತ್ತದೆ. ಅದಕ್ಕಾದರೆ ಮಾತ್ರೆ ಇದೆ.

“ಭಾವ, ಡಿಸೆಂಬರಿನಲ್ಲಿ ಕುಮಟಾ, ಗೋಕರ್ಣ, ಅಂಕೋಲಾ. ಹೋಟೆಲು ಬೇಡ, ರಿಸಾರ್ಟು ಬೇಡ. ಕ್ಯಾಂಪರ್‌ವ್ಯಾನು, ಅದರ ಬೆನ್ನಿಗೆ ಸೈಕಲ್ಲು. ಐದು ದಿನ ಮನೆಯ ಗೊಡವೆಯೇ ಇಲ್ಲ” ಎಂದ. ಮನೆಯ ಗೊಡವೆ ಬೇಡವೆಂದವನು ಬಾಡಿಗೆಗೆ ತಂದ ವ್ಯಾನಿನಲ್ಲಿ ಮಂಚ, ಒಲೆ, ಫ್ರಿಜ್ಜು, ಟಿವಿ, ಎಸಿ, ಕಿಟಕಿಗೆ ಹೂವಿನ ಪರದೆ, ಬೀರುವಿನಷ್ಟೇ ಅಗಲದ ಒಂದು ಬಚ್ಚಲು ಎಲ್ಲ ಇದ್ದವು. ಮನೆಯಲ್ಲಿದ್ದು ವ್ಯಾನಿನಲ್ಲಿ ಇಲ್ಲದೇ ಹೋದದ್ದು ಅವನ ತಾಯಿ ಮಾತ್ರ. ಆರನೇ ಹಾಸಿಗೆ ಇರಲಿಲ್ಲವಂತೆ. ಅವರ ತವರು ಕುಮಟಾ.

ಸೈಕಲ್ಲಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದರ ಬೆಲೆ ಮೂರು ಲಕ್ಷ, ತೂಕ ಎಂಟು ಕಿಲೋ. ಚಿನ್ನದಂಗಡಿಯಲ್ಲಿ ಇರುವ ಗ್ರಾಮಿಗೆ ದುಡ್ಡು ಕೊಡುತ್ತೇವೆ, ಇಲ್ಲಿ ಇಲ್ಲದ ಗ್ರಾಮಿಗೆ. ಬೆಲ್ಲು, ಸ್ಟ್ಯಾಂಡು, ಮಡ್‌ಗಾರ್ಡು, ಕ್ಯಾರಿಯರ್ ಯಾವುದೂ ಇಲ್ಲ. ಒಂದೊಂದು ಇಲ್ಲವಾದಾಗಲೂ ಬೆಲೆ ಏರುತ್ತದೆ. ಪಂದ್ಯದ ಸೈಕಲ್ಲು 6.8 ಕಿಲೋಗಿಂತ ಹಗುರವಾಗಿರಬಾರದೆಂದು ಜಾಗತಿಕ ಸೈಕ್ಲಿಂಗ್ ಒಕ್ಕೂಟದ ನಿಯಮವಿದೆ. ಸವಾರನ ಹೊಟ್ಟೆಯ ಬಗ್ಗೆ ಒಕ್ಕೂಟ ಸೌಜನ್ಯದಿಂದ ಸುಮ್ಮನಿದೆ. ಇಷ್ಟೆಲ್ಲ ಖರ್ಚು ಮಾಡಿ ಹಗುರ ಮಾಡಿಸಿದ ಸೈಕಲ್ಲನ್ನು ಮೂರೂವರೆ ಟನ್ನಿನ ವ್ಯಾನಿನ ಹಿಂದೆ ಬಿಗಿದು, ನಾನೂರೈವತ್ತು ಕಿಲೋಮೀಟರು ಡೀಸೆಲ್ಲು ಸುಟ್ಟು, ‘ಇಂಧನ ಬೇಡದ ವಾಹನ’ದಲ್ಲಿ ಓಡಾಡಲು ಹೊರಟೆವು.

ಚಳಿಗಾಲವೆಂದು ಎಲ್ಲರಿಗೂ ಒಳಗೊಂದು ಹೊರಗೊಂದು ಉಣ್ಣೆ ಅಂಗಿ. ಶಿರಸಿಯ ಬೆಳಗಿನ ಮಂಜಿನಲ್ಲಿ ಅದಕ್ಕೊಂದು ಮರ್ಯಾದೆ ಸಿಕ್ಕಿತು. ಕರಾವಳಿಯಲ್ಲಿ ಚಳಿ ಅನ್ನುವುದು ನಸುಕಿನ ಐದರಿಂದ ಏಳರವರೆಗೆ ಮಾತ್ರ ತೆರೆದಿರುವ ಕಚೇರಿ. ಆಮೇಲೆ ಡಿಸೆಂಬರಾದರೇನು, ಮಧ್ಯಾಹ್ನಕ್ಕೆ ಮೂವತ್ತು ಡಿಗ್ರಿ ದಾಟುತ್ತದೆ. ಕುಮಟೆಯ ಮೀನುಪೇಟೆಯ ಎದುರು ನನ್ನ ಭಾವಮೈದುನ ಜಾಕೀಟಿನ ಜಿಪ್ಪು ಸಿಕ್ಕಿಹಾಕಿಕೊಂಡು ಬೇಯುತ್ತಿದ್ದುದನ್ನು ಮೀನು ಮಾರುವವರು ಕೈಕೆಲಸ ಬಿಟ್ಟು ನೋಡಿದರು.

ಅದಕ್ಕೆ ಮೊದಲು ದೇವಿಮನೆ ಘಾಟಿ. ಶಿರಸಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗೆ ತುಸು ಕಡಿಮೆ, ಕುಮಟಾ ಸಮುದ್ರದ ಪಕ್ಕವೇ. ಇಳಿಜಾರಿನಲ್ಲಿ ಸೈಕಲ್ ಬಿಡುವುದೆಂದು ಹೆಲ್ಮೆಟ್ಟು, ಕನ್ನಡಕ, ಮೈಗಂಟಿದ ಚಡ್ಡಿ ಎಲ್ಲ ತೊಟ್ಟು ಇಳಿದ. ರಸ್ತೆ ಅಗಲಿಸಿದ ಕೆಂಪು ಧೂಳು, ಎದುರಿಗೆ ಲಾರಿ, ಬೆನ್ನಿಗೆ ಕೆಂಪು ಬಸ್ಸಿನ ಹಾರನ್ನು. ನಾಲ್ಕನೇ ಕಿಲೋಮೀಟರಿಗೆ ನಿಸರ್ಗ ಸಾಕಾಗಿ ವ್ಯಾನು ಹತ್ತಿದ. ಎರಡು ದಿನ ಬಿಟ್ಟು, ಮರೆತುಹೋದ ಚಾರ್ಜರಿಗಾಗಿ ವ್ಯಾನಿನಲ್ಲೇ ಶಿರಸಿಗೆ ಹೋಗಿಬಂದೆವು. ಕೈಗಡಿಯಾರದ ಸೈಕಲ್ ಆ್ಯಪ್ ಆಫ್ ಮಾಡುವುದನ್ನು ಮರೆತಿದ್ದ. ಎಸಿಯಲ್ಲಿ ಮಲಗಿ ಘಾಟಿ ಹತ್ತಿದವನಿಗೆ ಆ ಏರಿನ ಅತಿ ವೇಗದ ಸೈಕಲ್ ಸವಾರನೆಂದು ಕಿರೀಟದ ಚಿತ್ರ ಬಂತು. ಇನ್ನೂರೆಂಟು ಜನ ಮೆಚ್ಚಿದರು. ದಿನಾ ಅದೇ ಘಾಟಿ ಹತ್ತುವ ಕೆಂಪು ಬಸ್ಸಿನ ಡ್ರೈವರಿಗೆ ಯಾರೂ ಕಿರೀಟ ಕೊಟ್ಟ ಸುದ್ದಿಯಿಲ್ಲ.

ಮಿರ್ಜಾನಿನ ಕೋಟೆ ನೋಡಿ ಒಂದು ಊರ ಬಾಯಲ್ಲಿ ನಿಲ್ಲಿಸಿದ್ದೆವು. ಬಿಳಿ ವ್ಯಾನು, ತೆರೆದ ಬಾಗಿಲು, ಒಳಗೆ ಮಂಚ, ನಲ್ಲಿ, ಬಿಳಿ ದೀಪ. ಹತ್ತು ನಿಮಿಷದಲ್ಲಿ ಏಳೆಂಟು ಜನ ಸೇರಿದರು. ಒಬ್ಬ ಅಜ್ಜಿ ಸೆರಗಿನ ಗಂಟಿನಿಂದ ಹಳೆಯ ಔಷಧಿ ಚೀಟಿ ತೆಗೆದು, “ಡಾಕ್ಟ್ರು ಒಳಗೆ ಇದ್ರಾ?” ಎಂದು ಕೇಳಿದಳು. ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡುವ ಜಿಲ್ಲೆ ಇದು. ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಕೂಗಿ ಕೂಗಿ ಜನರ ಗಂಟಲು ಕಟ್ಟಿದೆ. ಹಾಸಿಗೆಯಿರುವ ಬಿಳಿ ಗಾಡಿ ಬಂದರೆ ಅವರು ಮತ್ತೇನು ತಿಳಿಯಬೇಕು? “ಇದು ಪ್ರವಾಸದ ಗಾಡಿ ಅಜ್ಜಿ” ಎಂದೆ. ಅವಳು ಒಳಗೆ ಇಣುಕಿ, ಕಾಫಿ ಯಂತ್ರವನ್ನು ಬಹಳ ಹೊತ್ತು ನೋಡಿ, ಚೀಟಿಯನ್ನು ಮಡಿಸಿ ಗಂಟಿಗೆ ಹಾಕಿಕೊಂಡಳು.

ಅಂಕೋಲೆಯ ಕಡೆಗೆ ಹೋದ ದಿನ ಶಿರೂರು ದಾಟಿದೆವು. 2024ರ ಜುಲೈ 16ರಂದು ಗುಡ್ಡ ಜರಿದು ಜನ, ಲಾರಿ, ಚಹಾದಂಗಡಿ ಎಲ್ಲವನ್ನೂ ಗಂಗಾವಳಿ ಹೊಳೆಗೆ ತಳ್ಳಿದ ಜಾಗ. ನಾಲ್ಕು ಪಥದ ಹೆದ್ದಾರಿಗೆಂದು ಅಲ್ಲಿ ಗುಡ್ಡ ಕಡಿದಿದ್ದರು. ಅಷ್ಟು ಅಗಲದ ರಸ್ತೆ ಬೇಕಿರುವುದು ನಮ್ಮಂಥ ಅಗಲದ ಗಾಡಿಗಳಿಗೇ ಅಲ್ಲವೇ. ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ. ಭಾವಮೈದುನ ಪರದೆ ಎಳೆದ.

ತದಡಿಯಲ್ಲಿ ಮಾತ್ರ ಸೈಕಲ್ಲಿಗೆ ನಿಜವಾದ ಕಾಲ ಬಂದಿತ್ತು. ಅಘನಾಶಿನಿ ಹೊಳೆ ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಕಡಲು ಸೇರುವ ಜಾಗ. ಅಳಿವೆಗೆ 2024ರ ಜನವರಿಯಲ್ಲಿ ಜೌಗುಭೂಮಿಗಳಿಗೆ ಕೊಡುವ ರಾಮ್ಸರ್ ಪಟ್ಟ ಸಿಕ್ಕಿದೆ. ಆಚೆ ದಡಕ್ಕೆ ದೋಣಿ ಇದೆ, ಸೈಕಲ್ಲು ಏರಿಸಿಕೊಂಡು ದಾಟಬಹುದು. ವ್ಯಾನು ದಾಟಬೇಕಾದರೆ ಮಿರ್ಜಾನಿನ ಮೇಲೆ ಸುತ್ತು ಹಾಕಬೇಕು. “ಉಪ್ಪುಗಾಳಿಗೆ ಗೇರು ಹಾಳಾಗ್ತದೆ ಭಾವ” ಎಂದು ಅವನು ವ್ಯಾನು ಹತ್ತಿದ. ಸೊಂಟಮಟ್ಟದ ನೀರಿನಲ್ಲಿ ಬಳಚು ಚಿಪ್ಪು ಹೆಕ್ಕುತ್ತಿದ್ದ ಹೆಂಗಸರ ಫೋಟೋ ಕಿಟಕಿಯಿಂದಲೇ ತೆಗೆದು, ‘ಮನುಷ್ಯ ಮುಟ್ಟದ ತೀರ’ ಎಂದು ಬರೆದು ಹಾಕಿದ.

ರಾತ್ರಿಗಳ ಕತೆ ಬೇರೆ. ‘ನಕ್ಷತ್ರಗಳ ಕೆಳಗೆ’ ಎಂದು ಹೊರಟವರು ಮೂರು ರಾತ್ರಿ ತಂಗಿದ್ದು ಅವನ ಸೋದರಮಾವನ ಅಂಗಳದಲ್ಲಿ. ಎಸಿಗೆ ಕರೆಂಟು ಬೇಕಲ್ಲ, ಮನೆಯ ಕಿಟಕಿಯಿಂದ ವಯರು ಎಳೆದಿತ್ತು. “ಒಳಗೆ ನಾಲ್ಕು ಕೋಣೆ ಖಾಲಿ ಇದ್ದು ತಮಾ, ಅಂಗಳದಲ್ಲಿ ಎಂತಕ್ಕೆ?” ಎಂದು ಅತ್ತೆ ಕೇಳಿದರು. “ಅನುಭವಕ್ಕೆ ಅತ್ತೆ” ಎಂದ. ವ್ಯಾನಿನಲ್ಲಿ ಹಾಸಿಗೆಯಿಲ್ಲದ ಡ್ರೈವರನನ್ನು ಮಾವ ಒಳಗೆ ಕರೆದು ಆ ಕೋಣೆಯೊಂದರಲ್ಲಿ ಮಲಗಿಸಿದರು. ಇಡೀ ಪ್ರವಾಸದಲ್ಲಿ ಕಾಲು ಚಾಚಿ ನಿದ್ದೆ ಮಾಡಿದವನು ಅವನೊಬ್ಬನೇ.

ಮೂರನೇ ಬೆಳಿಗ್ಗೆ ಬಚ್ಚಲಿನ ಕೆಳಗಿನ ಡಬ್ಬಿ ತುಂಬಿತು. ಇಪ್ಪತ್ತು ಲೀಟರಿನ ಡಬ್ಬಿ, ಐದು ಜನ, ಮೇಲೆ ಅತ್ತೆಯ ಕೈಯಡುಗೆ. ಜಾಹೀರಾತಿನ ಚಿತ್ರಗಳಲ್ಲಿ ಸೂರ್ಯಾಸ್ತ ಇರುತ್ತದೆ, ಈ ಡಬ್ಬಿ ಇರುವುದಿಲ್ಲ. ವಾಸನೆಗೆಂದು ಒಳಗೆ ನೀಲಿ ಔಷಧಿ ಹಾಕಿದ್ದರಿಂದ ಮಾವ ಖಡಾಖಂಡಿತವಾಗಿ ಹೇಳಿಬಿಟ್ಟರು: “ನಮ್ಮ ಗುಂಡಿಗೆ ಆ ನೀಲಿ ಬೇಡ ಮಾರಾಯ, ಹುಳ ಸತ್ತು ಗುಂಡಿ ಕೆಡ್ತದೆ.” ಪೇಟೆಯಲ್ಲಿ ದುಡ್ಡು ಕೊಟ್ಟು ಹೋಗುವ ಶೌಚಾಲಯವಿದೆ. ಆದರೆ ವ್ಯಾನು ಆ ಓಣಿಗೆ ಹೋಗದು. ಮೂರು ಲಕ್ಷದ ಸೈಕಲ್ಲಿಗೆ ಕ್ಯಾರಿಯರ್ ಇಲ್ಲ.

ಕೊಟ್ಟಿಗೆಯಲ್ಲಿ ಮಾವನ ಹಳೆಯ ಅಟ್ಲಾಸ್ ಸೈಕಲ್ಲು ಇತ್ತು. ಆ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಬೈಸಿಕಲ್ ದಿನ. ಡ್ರೈವರು ಅದರ ಚೈನಿಗೆ ತೆಂಗಿನೆಣ್ಣೆ ಬಿಟ್ಟು, ಡಬ್ಬಿಯನ್ನು ಕ್ಯಾರಿಯರಿಗೆ ತೆಂಗಿನ ಹಗ್ಗದಲ್ಲಿ ಬಿಗಿದು, ಬೆಲ್ಲು ಬಾರಿಸುತ್ತ ಏರು ಹತ್ತಿ ಹೋದ. ಭಾವಮೈದುನ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನೋಡುತ್ತ ನಿಂತಿದ್ದ.

ಶೌಚಾಲಯದ ಗುತ್ತಿಗೆದಾರ ಡಬ್ಬಿಯನ್ನು ಸುತ್ತುಬಂದು ನೋಡಿ, ದರಪಟ್ಟಿ ನೋಡಿ, “ಎಷ್ಟು ಜನದ್ದು? ಎಷ್ಟು ದಿನದ್ದು?” ಎಂದು ಕೇಳಿದನಂತೆ. ಐದು ಜನ, ಮೂರು ದಿನ. ತಲೆಗೆ, ದಿನಕ್ಕೆ ಐದು ರೂಪಾಯಿಯಂತೆ 75 ರೂಪಾಯಿ ತೆಗೆದುಕೊಂಡು, ಲೆಕ್ಕಕ್ಕೆ ಬೇಕಾದೀತೆಂದು ಹದಿನೈದು ಚೀಟಿ ಹರಿದು ಕೊಟ್ಟನಂತೆ.